ಸತ್ತಿಹಳ್ಳಿಯ ದೊಡ್ಡ ಸ್ವಾಮಿಗಳು



ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ತೋಳನ್ನೊಮ್ಮೆ ನೋಡಿ. ಭುಜದಿಂದ ನಾಲ್ಕು ಬೆರಳು ಕೆಳಗೆ ನಾಣ್ಯದಷ್ಟು ಅಗಲದ ಹಳೆಯ ಕಲೆಯೊಂದು ಕಾಣಬಹುದು. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಅಜ್ಜಿಯರು ಅದನ್ನು ದೇವಿ ಹಾಕಿಸಿದ ಗುರುತು ಎನ್ನುತ್ತಾರೆ. ಸಿಡುಬು ರೋಗಕ್ಕೇ ನಮ್ಮ ಕಡೆ ದೇವಿ ಎಂದು ಹೆಸರು. ಹಳೇ ಮೈಸೂರಿನವರು ಅದನ್ನೇ ಅಮ್ಮ ಎಂದರು, ಮೈಲಿ ಎಂದರು. ಕಾಯಿಲೆಯ ಹೆಸರನ್ನು ನೇರವಾಗಿ ಹೇಳಲೂ ಜನ ಹೆದರುತ್ತಿದ್ದ ಕಾಲ ಅದು. ಭಾರತದಲ್ಲಿ ಅದು ನಿಂತದ್ದು 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಲೋಕದಿಂದಲೇ ಅದು ಅಳಿಯಿತೆಂದು ಸಾರಿತು.

ಈ ಗುರುತನ್ನು ಕನ್ನಡ ನಾಡಿನ ಹಳ್ಳಿಗಳಿಗೆ ಮೊದಮೊದಲು ಕೊಂಡೊಯ್ದವರಲ್ಲಿ ಒಬ್ಬರು ಕಥೋಲಿಕ ಗುರುಗಳು ಎಂಬುದು ನಿಮಗೆ ಗೊತ್ತಿದೆಯೇ? ಅವರು ವೈದ್ಯರಲ್ಲ. ಹಾಸನದ ಹತ್ತಿರದ ಸತ್ತಿಹಳ್ಳಿ ಎಂಬ ಸಣ್ಣ ಊರನ್ನು, ಅದರ ಸುತ್ತಲಿನ ಬೇಸಾಯಗಾರ ಕ್ರೈಸ್ತರನ್ನು ಸಾಕಿ ಸಲಹಿದ ಸ್ವಾಮಿಗಳು. ಹೆಸರು ಜಾನ್ ಅಂತ್ವಾನ್ ದ್ಯುಬುವಾ. ಚರಿತ್ರೆಯ ಪುಸ್ತಕಗಳಲ್ಲಿ ನೀವು ಅವರನ್ನು ಅಬ್ಬೆ ದ್ಯುಬುವಾ ಎಂದು ಕಾಣುತ್ತೀರಿ. ಫ್ರೆಂಚರು ಗುರುಗಳನ್ನು ಅಬ್ಬೆ ಎಂದು ಕರೆಯುತ್ತಾರೆ. ನಮ್ಮ ಹಳೆಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ! ಈ ಹೊಂದಿಕೆ ಆಕಸ್ಮಿಕವೇ ಆದರೂ ಅವರ ಬಾಳನ್ನು ಓದಿದವರಿಗೆ ಅಷ್ಟೇನೂ ತಪ್ಪೆನಿಸದು. ಜನ ಮಾತ್ರ ಅವರನ್ನು ಅಬ್ಬೆ ಎನ್ನಲಿಲ್ಲ, ದೊಡ್ಡ ಸ್ವಾಮಿಗಳು ಎಂದರು.

ದಕ್ಷಿಣ ಫ್ರಾನ್ಸಿನ ಆರ್ದೆಶ್ ಸೀಮೆಯ ಸಾಂ ರೆಮೆಜ್ ಎಂಬ ಹಳ್ಳಿಯಲ್ಲಿ 1765-66ರ ಸುಮಾರಿಗೆ ಅವರು ಹುಟ್ಟಿದರು. ಅವರಿಗೆ ಗುರುದೀಕ್ಷೆಯಾದದ್ದು 1792ರಲ್ಲಿ. ಆ ವರ್ಷ ಫ್ರಾನ್ಸಿನಲ್ಲಿ ಗುರುವಾಗುವುದೆಂದರೆ ಏನೆಂದು ಸ್ವಲ್ಪ ಯೋಚಿಸಿ. 1789ರಲ್ಲಿ ಶುರುವಾದ ಕ್ರಾಂತಿ ಆಗ ಧರ್ಮಸಭೆಯ ಮೇಲೆ ತಿರುಗಿತ್ತು. ಸರ್ಕಾರದ ಪ್ರಮಾಣಕ್ಕೆ ಒಪ್ಪದ ಗುರುಗಳನ್ನು ಹಿಡಿದು ಸೆರೆಗೆ ತಳ್ಳುತ್ತಿದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ನೂರಾರು ಗುರುಗಳನ್ನು ಕೊಂದರು. ಯುವಕ ದ್ಯುಬುವಾ ಪ್ಯಾರಿಸ್ಸಿನ ವಿದೇಶ ಧರ್ಮಪ್ರಚಾರ ಸಭೆಯ ಮೂಲಕ ಆ ವರ್ಷವೇ ಭಾರತಕ್ಕೆ ಹಡಗು ಹತ್ತಿದರು. ಊರಲ್ಲೇ ಉಳಿದಿದ್ದರೆ ತಮಗೂ ಅದೇ ಗತಿಯಾಗುತ್ತಿತ್ತೆಂದು ಅವರೇ ಮುಂದೆ ಬರೆದುಕೊಂಡರು. ಪಾಂಡಿಚೇರಿಗೆ ಬಂದು ಮೊದಲ ವರ್ಷಗಳನ್ನು ತಮಿಳು ಸೀಮೆಯಲ್ಲಿ ಕಳೆದರು.

ಮೈಸೂರು ಸೀಮೆಗೆ ಅವರನ್ನು ಎಳೆದು ತಂದದ್ದು ಒಂದು ಯುದ್ಧದ ಕೊನೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಸುಲ್ತಾನ ಮಡಿದ. ಆಗ ಅಲ್ಲಿಯ ಕ್ರೈಸ್ತರ ಸ್ಥಿತಿ ಹೇಗಿತ್ತೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೈಸೂರು ಸೀಮೆಯಲ್ಲಿ ಶುಭಸಂದೇಶದ ಬೀಜ ಬಿತ್ತಿದವರು ಯೇಸುಸಭೆಯ ಗುರುಗಳು. ಹದಿನೇಳನೆಯ ಶತಮಾನದ ನಡುವೆ ಇಟಲಿಯ ಲಿಯೊನಾರ್ಡೊ ಚಿನ್ನಮಿ ಸ್ವಾಮಿಗಳು ಶ್ರೀರಂಗಪಟ್ಟಣದಲ್ಲಿ ಕೆಲಸ ಆರಂಭಿಸಿದರು. ಅವರ ಹಿಂದೆ ಬಂದವರು ಕನ್ನಡ ಕಲಿತರು, ಹಳ್ಳಿ ಹಳ್ಳಿ ತಿರುಗಿದರು. ಆದರೆ 1773ರಲ್ಲಿ ಯೇಸುಸಭೆಯನ್ನೇ ಜಗದ್ಗುರುಗಳು ವಿಸರ್ಜಿಸಿದರು. ಹೊಸ ಗುರುಗಳು ಬರುವುದು ನಿಂತಿತು, ಇದ್ದವರು ಮುದುಕರಾದರು. ಅಲ್ಲಿಗೆ ರಾಜಕೀಯದ ಬಿರುಗಾಳಿಯೂ ಬೀಸಿತು. 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ್ದನ್ನು ನೀವು ಕೇಳಿದ್ದೀರಿ. ಮೈಸೂರು ಸೀಮೆಯ ಕ್ರೈಸ್ತರಲ್ಲೂ ಅನೇಕರು ಬಲವಂತಕ್ಕೆ ಸಿಕ್ಕಿ ಧರ್ಮ ಬಿಟ್ಟಿದ್ದರು. ಬೇರೆ ಕೆಲವರು ಊರು ಬಿಟ್ಟು ಓಡಿದ್ದರು. ಜ್ಞಾನಸ್ನಾನ ಕೊಡಲು, ಪಾಪನಿವೇದನೆ ಕೇಳಲು, ಸತ್ತವರನ್ನು ಮಣ್ಣು ಮಾಡುವಾಗ ಒಂದು ಪ್ರಾರ್ಥನೆ ಹೇಳಲು ಗುರುಗಳಿರಲಿಲ್ಲ.

ಈ ಚದುರಿದ ಮಂದೆಯನ್ನು ಕೂಡಿಸಲು ದ್ಯುಬುವಾ ಬಂದರು. ಅವರನ್ನು ಕರೆಸುವುದರಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕೈಯಿತ್ತು. ಮುಂದೆ ನೆಪೋಲಿಯನ್ನನನ್ನು ಸೋಲಿಸಿ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎನಿಸಿಕೊಂಡ ಅದೇ ವೆಲ್ಲೆಸ್ಲಿ. ನಮ್ಮ ಬೆಳಗಾವಿ ಸೀಮೆಗೂ ಅವನ ಪರಿಚಯವುಂಟು. ಮರುವರ್ಷ, 1800ರಲ್ಲಿ, ದೋಂಡಿಯಾ ವಾಘನನ್ನು ಬೆನ್ನಟ್ಟಿ ಸವದತ್ತಿಯವರೆಗೆ ದಂಡು ತಂದವನು ಅವನೇ. ಬ್ರಿಟಿಷ್ ಸೇನಾಪತಿ, ಫ್ರೆಂಚ್ ಗುರು. ಇಬ್ಬರ ದೇಶಗಳು ಯುರೋಪಿನಲ್ಲಿ ಕತ್ತಿ ಹಿರಿದು ನಿಂತಿದ್ದ ಕಾಲದಲ್ಲಿ ಇದು ನಡೆಯಿತು.

ಬಲವಂತದಿಂದ ದೂರವಾದವರನ್ನು ಮತ್ತೆ ಧರ್ಮಸಭೆಯ ಮಡಿಲಿಗೆ ಸೇರಿಸುವುದು ಅವರ ಮೊದಲ ಕೆಲಸವಾಯಿತು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಒಂದು ಸಣ್ಣ ದೇವಾಲಯ ಅವರ ಹೆಸರಿನಿಂದಲೇ ಇಂದಿಗೂ ಪ್ರಸಿದ್ಧವಾಗಿದೆ. ಆದರೆ ಅವರು ದೇವಾಲಯದ ಬಾಗಿಲಲ್ಲಿ ಕಾದು ಕುಳಿತವರಲ್ಲ. ನಮ್ಮ ಜನರಂತೆ ಉಡುಪು ತೊಟ್ಟರು, ತಲೆಗೆ ರುಮಾಲು ಸುತ್ತಿದರು, ಮಾಂಸ ಬಿಟ್ಟರು. ಜನರ ನಂಬಿಕೆಗಳು ತಮಗೆ ಒಪ್ಪಿಗೆಯಾಗದಿದ್ದಾಗಲೂ ಅಸಹ್ಯ ತೋರಿಸದೆ ಅವರೊಡನೆ ಬೆರೆತರು. ಹೀಗೆ ಮೂವತ್ತೊಂದು ವರ್ಷ! ಅಷ್ಟು ಕಾಲ ಅವರು ಒಮ್ಮೆಯೂ ತಾಯ್ನಾಡಿಗೆ ಹೋಗಲಿಲ್ಲ.

ಈಗ ಸತ್ತಿಹಳ್ಳಿಗೆ ಬರೋಣ. ಇಂಗ್ಲಿಷ್ ದಾಖಲೆಗಳಲ್ಲಿ ಸಾತಳ್ಳಿ ಎಂದು ಕಾಣುವ ಊರು ಇದೇ. ಹಾಸನದ ಮಲೆನಾಡಿನಂಚಿನ ಹಸಿರು ಸೀಮೆ. ಯೇಸುಸಭೆಯವರ ಕಾಲದಿಂದಲೇ ಇಲ್ಲಿ ಕ್ರೈಸ್ತ ಮನೆಗಳಿದ್ದವು, ಅವರೆಲ್ಲ ನೇಗಿಲು ಹಿಡಿದವರು. ಯುದ್ಧ, ಲೂಟಿ, ಬರಗಳಿಂದ ಹೊಲಗಳು ಪಾಳು ಬಿದ್ದಿದ್ದ ಕಾಲದಲ್ಲಿ ಕೈಯಲ್ಲಿ ಎತ್ತಿಲ್ಲದ, ಬೀಜವಿಲ್ಲದ ಮನುಷ್ಯನಿಗೆ ಧರ್ಮೋಪದೇಶ ಮಾತ್ರ ಸಾಲದೆಂದು ದ್ಯುಬುವಾ ಕಂಡುಕೊಂಡರು. ಬಡ ಕ್ರೈಸ್ತರನ್ನು ಭೂಮಿಯ ಮೇಲೆ ನೆಲೆಗೊಳಿಸುವ ಬೇಸಾಯದ ವಸತಿಗಳನ್ನು ಕಟ್ಟಲು ಮುಂದಾದರು. ಅವುಗಳಲ್ಲಿ ಮುಖ್ಯವಾದದ್ದು ಸತ್ತಿಹಳ್ಳಿ.

ಇದನ್ನು ಓದುವಾಗ ನಿಮಗೆ ದೊಡ್ಡ ಸಂಗತಿಯೆನಿಸದಿರಬಹುದು. ಆದರೆ ನಮ್ಮ ಘಟಪ್ರಭಾ ದಂಡೆಯ ರೈತರು ಯೋಚಿಸಿ ನೋಡಲಿ. ಹೊಲವಿದ್ದವನಿಗೆ ಊರಿದೆ, ಊರಿದ್ದವನಿಗೆ ಮಕ್ಕಳಿಗೆ ಹೆಣ್ಣು ಗಂಡು ಸಿಗುತ್ತದೆ, ಸುಗ್ಗಿಯಲ್ಲಿ ದೇವಾಲಯಕ್ಕೆ ಒಂದು ಪಡಿ ಕಾಳು ಕೊಡುವ ಮರ್ಯಾದೆ ಇದೆ. ಹೊಲವಿಲ್ಲದೆ ಚದುರಿದ ಹತ್ತು ಕ್ರೈಸ್ತ ಮನೆಗಳು ಎರಡು ತಲೆಮಾರಿನಲ್ಲಿ ಕಾಣದಂತಾಗುತ್ತವೆ. ಒಂದೆಡೆ ಕೂಡಿ ಉಳುವ ಹತ್ತು ಮನೆಗಳು ಧರ್ಮಕೇಂದ್ರವಾಗುತ್ತವೆ. ದ್ಯುಬುವಾ ಮಾಡಿದ ಕೆಲಸಗಳಲ್ಲಿ ಜಾಣತನದ್ದು ಯಾವುದೆಂದು ನನ್ನನ್ನು ಕೇಳಿದರೆ ಇದನ್ನೇ ತೋರಿಸುತ್ತೇನೆ.

ಆದರೆ ಊರು ಕಟ್ಟಿದರೂ ಸಿಡುಬು ಬಿಡುವುದಿಲ್ಲವಲ್ಲ. ಬೇಸಿಗೆ ಬಂತೆಂದರೆ ಅದರ ಭಯ. ಒಂದು ಮನೆಗೆ ಹೊಕ್ಕರೆ ತೊಟ್ಟಿಲ ಕೂಸಿನಿಂದ ಹಿಡಿದು ಒಬ್ಬೊಬ್ಬರನ್ನೂ ಹುಡುಕುತ್ತಿತ್ತು. ಬದುಕಿದವರ ಮುಖ ಕಲ್ಲು ಕಡೆದಂತೆ. ಕೆಲವರ ಕಣ್ಣೇ ಹೋಗುತ್ತಿದ್ದವು. ಬೇವಿನ ಸೊಪ್ಪು ಕಟ್ಟಿ, ಅಮ್ಮನಿಗೆ ತಂಪೆರೆದು ಕಾಯುವುದಲ್ಲದೆ ಬೇರೆ ಉಪಾಯ ಜನರಿಗೆ ತಿಳಿದಿರಲಿಲ್ಲ.

ಇಂಗ್ಲೆಂಡಿನ ಗ್ಲಾಸ್ಟರ್ ಸೀಮೆಯ ಬರ್ಕ್ಲಿ ಎಂಬ ಸಣ್ಣ ಊರಿನಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯನಿದ್ದ. ಅವನ ತಂದೆ ಅಲ್ಲಿಯ ಧರ್ಮಕೇಂದ್ರದ ಪಾದ್ರಿಯಾಗಿದ್ದವನು. ಹಾಲು ಕರೆಯುವ ಹೆಂಗಸರಿಗೆ ಹಸುವಿನ ಕೆಚ್ಚಲಿನ ಹುಣ್ಣು ತಗಲಿದರೆ ಮುಂದೆ ಅವರಿಗೆ ಸಿಡುಬು ಬರುವುದಿಲ್ಲವೆಂಬ ಹಳ್ಳಿಯ ಮಾತನ್ನು ಜೆನ್ನರ್ ಪರೀಕ್ಷಿಸಿ ನೋಡಿದ. 1796ರಲ್ಲಿ ಒಬ್ಬ ಹುಡುಗನ ತೋಳಿಗೆ ಆ ಹುಣ್ಣಿನ ರಸ ಹಾಕಿದ. 1798ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದ. ನಾಲ್ಕೇ ವರ್ಷದಲ್ಲಿ, 1802ರ ಜೂನಿನಲ್ಲಿ, ಆ ರಸ ಮುಂಬಯಿ ತಲುಪಿತು.

ತಲುಪಿದ ರೀತಿಯೇ ಒಂದು ಕಥೆ. ಆಗ ಮಂಜುಗಡ್ಡೆಯ ಪೆಟ್ಟಿಗೆಯಿಲ್ಲ, ಗಾಜಿನ ಶೀಸೆಯಲ್ಲಿ ಲಸಿಕೆ ಉಳಿಯುವುದಿಲ್ಲ. ಅದನ್ನು ಜೀವಂತ ಇಡಲು ಇದ್ದ ದಾರಿ ಮನುಷ್ಯರ ತೋಳೇ. ಒಂದು ಮಗುವಿಗೆ ಚುಚ್ಚಿದರೆ ಎಂಟನೆಯ ದಿನದ ಸುಮಾರಿಗೆ ಗುಳ್ಳೆ ತುಂಬಿಕೊಳ್ಳುತ್ತದೆ. ಆ ಗುಳ್ಳೆಯ ರಸವನ್ನು ಸೂಜಿಮೊನೆಯಲ್ಲಿ ತೆಗೆದು ಮುಂದಿನ ಮಗುವಿಗೆ ಹಾಕಬೇಕು. ಅದರ ಗುಳ್ಳೆಯಿಂದ ಇನ್ನೊಂದಕ್ಕೆ. ಒಂದು ವಾರ ಯಾರೂ ಮಗುವನ್ನು ತರದಿದ್ದರೆ ಸರಪಳಿ ಕಡಿಯಿತು. ಹಾಗಾಗಿ ಲಸಿಕೆ ಹಾಕುವವನಿಗೆ ಸೂಜಿಗಿಂತ ಮುಖ್ಯವಾಗಿ ಬೇಕಾದದ್ದು ತಾಯಂದಿರ ನಂಬಿಕೆ. ಚುಚ್ಚಿಸಿಕೊಂಡ ಮಗುವನ್ನು ಆಕೆ ಎಂಟನೆಯ ದಿನ ಮತ್ತೆ ಕರೆತರಬೇಕು, ಅದರ ತೋಳಿನ ನೀರನ್ನು ನೆರೆಮನೆಯ ಮಗುವಿಗೆ ಕೊಡಲು ಒಪ್ಪಬೇಕು. ಮೈಲಿಗೆ, ಜಾತಿ, ದೇವಿಯ ಸಿಟ್ಟು ಎಲ್ಲವೂ ಅಡ್ಡ ಬರುವ ಜಾಗ ಅದು. ಹಸುವಿನಿಂದ ಬಂದ ಔಷಧಿಯೆಂದು ಕೆಲವರಿಗೆ ಒಪ್ಪಿಗೆ, ಬಿಳಿಯರು ಗುರುತು ಹಾಕುತ್ತಾರೆಂದು ಬೇರೆಯವರಿಗೆ ಅಂಜಿಕೆ.

ಕಂಪನಿ ಸರ್ಕಾರದ ವೈದ್ಯರಿಗೆ ಆ ನಂಬಿಕೆ ಎಲ್ಲಿಂದ ಬರಬೇಕು? ರುಮಾಲು ಸುತ್ತಿ ನೆಲದ ಮೇಲೆ ಕುಳಿತು ಉಣ್ಣುವ ದೊಡ್ಡ ಸ್ವಾಮಿಗಳಿಗೆ ಅದು ಇತ್ತು. ಮೈಸೂರು ಸೀಮೆಯಲ್ಲಿ ಲಸಿಕೆ ಹಾಕಿಸುವ ಕೆಲಸವನ್ನು ಅವರು ಕೈಗೆತ್ತಿಕೊಂಡರು. 1803-04ರಲ್ಲಿ ಅವರ ಪ್ರಯತ್ನದಿಂದ ಲಸಿಕೆ ಹಾಕಿಸಿಕೊಂಡವರೆಂದು ದಾಖಲಾದವರ ಸಂಖ್ಯೆ 25,432. ಒಂದು ವರ್ಷದ ಕೆಲಸವೆಂದು ಹಿಡಿದರೂ ದಿನಕ್ಕೆ ಸುಮಾರು 70 ಜನ. ಅದೂ ಕಾಲ್ನಡಿಗೆಯ, ಎತ್ತಿನ ಗಾಡಿಯ ಕಾಲದಲ್ಲಿ. ಅಷ್ಟು ಜನ ಕ್ರೈಸ್ತರೇ ಆಗಿರಲು ಸಾಧ್ಯವಿರಲಿಲ್ಲ ಎಂಬುದನ್ನೂ ಗಮನಿಸಿ. ಸೂಜಿಯ ಮುಂದೆ ಎಲ್ಲ ಜಾತಿ ಮತದ ಮಕ್ಕಳೂ ಕುಳಿತಿದ್ದರು.

ಅರಮನೆಗೂ ಲಸಿಕೆ ಬೇಗನೇ ಹೊಕ್ಕಿತು. ಒಡೆಯರ ಮನೆತನದ ಮೂವರು ಹೆಂಗಸರನ್ನು ಥಾಮಸ್ ಹಿಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಬಿಡಿಸಿದ ಚಿತ್ರವೊಂದಿದೆ. ಅದರಲ್ಲಿ ಕಿರಿಯ ರಾಣಿ ಸೀರೆ ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆಯ ಜಾಗವನ್ನೇ, ಪ್ರಜೆಗಳು ಹೆದರದಿರಲೆಂದು, ಎಂದು ಇತ್ತೀಚಿನ ವಿದ್ವಾಂಸರು ಹೇಳಿದ್ದಾರೆ.

ಇಷ್ಟೆಲ್ಲ ನಡುವೆ ದ್ಯುಬುವಾ ಬರೆಯುತ್ತಿದ್ದರು. ಭಾರತೀಯರ ನಡೆನುಡಿ, ಆಚಾರ, ಹಬ್ಬ, ಮದುವೆ, ಮರಣಗಳ ವಿವರಗಳನ್ನು ತುಂಬಿದ ದೊಡ್ಡ ಹಸ್ತಪ್ರತಿಯೊಂದು ಸಿದ್ಧವಾಯಿತು. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ಮೆಚ್ಚಿದ. ಕಂಪನಿ ಸರ್ಕಾರ 1807ರಲ್ಲಿ ಅದನ್ನು ಕೊಂಡುಕೊಂಡಿತು. ಲಂಡನ್ನಿನಲ್ಲಿ 1816ರ ಹೊತ್ತಿಗೆ ಇಂಗ್ಲಿಷಿನಲ್ಲಿ ಅಚ್ಚಾಯಿತು. ಲೋಕಕ್ಕೆ ಅವರ ಹೆಸರು ಗೊತ್ತಾದದ್ದು ಈ ಪುಸ್ತಕದಿಂದಲೇ.

ಈ ಪುಸ್ತಕದ ವಿಷಯದಲ್ಲಿ ಮುಚ್ಚುಮರೆ ಬೇಡ. ಅದರ ಬಹುಭಾಗ ಅವರ ಸ್ವಂತದ್ದಲ್ಲ. ಅವರಿಗಿಂತ ಮೊದಲು ಆಂಧ್ರ ಮತ್ತು ಪಾಂಡಿಚೇರಿ ಕಡೆ ದುಡಿದ ಯೇಸುಸಭೆಯ ಗಾಸ್ತೋಂ ಕೂರ್ದು ಸ್ವಾಮಿಗಳು ಬರೆದಿಟ್ಟಿದ್ದ ಹಸ್ತಪ್ರತಿಯಿಂದ ಅದನ್ನು ತೆಗೆದುಕೊಂಡಿದ್ದಾರೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ತೋರಿಸಿಕೊಟ್ಟರು. ಕೂರ್ದು ಹೆಸರನ್ನು ದ್ಯುಬುವಾ ಹೇಳಲಿಲ್ಲ. ಇನ್ನೂ ಒಂದು ಮಾತು. ಆ ಪುಸ್ತಕದಲ್ಲಿ ಹಿಂದೂಗಳ ಬಗ್ಗೆ ಕಟುವಾದ, ನ್ಯಾಯವಲ್ಲದ ತೀರ್ಪುಗಳು ಬಹಳ. ಜೊತೆಗೆ ಜಾತಿ ಪದ್ಧತಿಯನ್ನು ಸಮಾಜದ ಒಳ್ಳೆಯ ಏರ್ಪಾಡೆಂದು ಹೊಗಳಿದ ಪುಟಗಳೂ ಇವೆ. ಜಾತಿಯ ನೋವನ್ನು ಬಲ್ಲ ನಾವು ಅದನ್ನು ಒಪ್ಪಲಾರೆವು. ಸೂಜಿ ಹಿಡಿದಾಗ ತೋಳಿನಿಂದ ತೋಳಿಗೆ ಜೀವ ದಾಟಿಸಿದ ಮನುಷ್ಯ ಲೇಖನಿ ಹಿಡಿದಾಗ ಗೋಡೆಗಳನ್ನು ಮೆಚ್ಚಿಕೊಂಡರು. ಎರಡೂ ಒಬ್ಬರೇ.

ವಯಸ್ಸಾಗುತ್ತ ಬಂದಂತೆ ಅವರ ಮನಸ್ಸಿಗೆ ನಿರಾಸೆ ಮುತ್ತಿತು. ಇಂಡಿಯಾದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತು ಅವರು ಬರೆದ ಪತ್ರಗಳು 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಅವುಗಳನ್ನು ಓದುವುದು ಸುಲಭವಲ್ಲ. ಇಪ್ಪತ್ತೈದು ವರ್ಷ ದುಡಿದು, ಒಬ್ಬ ದೇಶೀಯ ಗುರುವಿನ ನೆರವನ್ನೂ ಪಡೆದು, ತಾವು ಹೊಸದಾಗಿ ಧರ್ಮಕ್ಕೆ ತಂದವರು ಇನ್ನೂರು ಮುನ್ನೂರು ಜನ ಮಾತ್ರ ಎಂದು ಲೆಕ್ಕ ಒಪ್ಪಿಸುತ್ತಾರೆ. ಅವರಲ್ಲೂ ಹೆಚ್ಚಿನವರು ದಿಕ್ಕಿಲ್ಲದ ಬಡವರು, ಬಹುಪಾಲು ಜನ ಲಾಭ ನೋಡಿ ಬಂದವರು, ಈ ದೇಶದಲ್ಲಿ ಧರ್ಮಪ್ರಚಾರದ ಕಾಲ ಮುಗಿದಿದೆ ಎನ್ನುತ್ತಾರೆ. ಪ್ರೊಟೆಸ್ಟೆಂಟ್ ಪಾದ್ರಿಗಳು ಸಿಟ್ಟಾಗಿ ಉತ್ತರ ಬರೆದರು. ಜೇಮ್ಸ್ ಹಫ್ ಎಂಬವರು 1824ರಲ್ಲಿ ಒಂದು ಪುಸ್ತಕವನ್ನೇ ಹೊರತಂದರು.

ದಿಕ್ಕಿಲ್ಲದ ಬಡವರು ಬಂದರೆಂದು ಗುರುಗಳೊಬ್ಬರು ಬೇಸರಪಡುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ. ಗಲಿಲೇಯದಲ್ಲಿ ಪ್ರಭುವಿನ ಸುತ್ತ ನೆರೆದವರು ಇನ್ನಾರು? ಆದರೆ ಅವರನ್ನು ಬೇಗ ಬಯ್ದುಬಿಡಬೇಡಿ. ದೂರದ ಊರಿನಲ್ಲಿ ಕುಳಿತು ಯಶಸ್ಸಿನ ವರದಿ ಕಳಿಸುವುದು ಸುಲಭ. ಹಣ ಕೊಡುವವರು ಅದನ್ನೇ ಕೇಳಬಯಸುತ್ತಾರೆ. ಮೂರು ದಶಕ ಹಳ್ಳಿಯ ಧೂಳು ತುಳಿದು, ತನ್ನ ಕೆಲಸ ಸೋತಿತೆಂದು ಸಹಿ ಹಾಕಿ ಅಚ್ಚು ಹಾಕಿಸಿದ ಧರ್ಮಪ್ರಚಾರಕರು ಚರಿತ್ರೆಯಲ್ಲಿ ಎಷ್ಟು ಜನ ಸಿಗುತ್ತಾರೆ? ಅವರ ಲೆಕ್ಕದ ಪುಸ್ತಕದಲ್ಲಿ ಹೊಸ ಜ್ಞಾನಸ್ನಾನಗಳಿಗೆ ಮಾತ್ರ ಕಲಮು ಇತ್ತು. ಧರ್ಮಸಭೆಗೆ ಮರಳಿ ಬಂದವರಿಗೆ, ನೇಗಿಲು ಹಿಡಿದ ಸತ್ತಿಹಳ್ಳಿಯವರಿಗೆ, 25,432 ತೋಳುಗಳಿಗೆ ಅಲ್ಲಿ ಜಾಗವಿರಲಿಲ್ಲ.

1823ರ ಜನವರಿಯಲ್ಲಿ ಅವರು ಭಾರತ ಬಿಟ್ಟರು. ಕಂಪನಿ ಸರ್ಕಾರ ಅವರಿಗೆ ಪಿಂಚಣಿ ಕೊಟ್ಟಿತು. ಪ್ಯಾರಿಸ್ಸಿನಲ್ಲಿ, ಮೂವತ್ತೊಂದು ವರ್ಷದ ಹಿಂದೆ ತಮ್ಮನ್ನು ಕಳಿಸಿದ ಅದೇ ಸಭೆಯ ಗುರುಮಠದಲ್ಲಿ ಹೊಸ ಗುರುಗಳನ್ನು ತಯಾರು ಮಾಡುವ ಕೆಲಸಕ್ಕೆ ನಿಂತರು. 1836ರಿಂದ 1839ರವರೆಗೆ ಅದರ ಶ್ರೇಷ್ಠಾಧಿಕಾರಿಯಾಗಿದ್ದರು. ಭಾರತದಲ್ಲಿ ಧರ್ಮಪ್ರಚಾರದ ಕಾಲ ಮುಗಿಯಿತೆಂದು ಬರೆದ ಮನುಷ್ಯ ಭಾರತಕ್ಕೆ ಗುರುಗಳನ್ನು ಕಳಿಸುವ ಮನೆಯ ಹಿರಿಯರಾದರು! ಬಾಯಿಂದ ಬಂದ ಮಾತು ಬೇರೆ, ಕೈ ಮಾಡಿದ ಕೆಲಸ ಬೇರೆ.

ನಮ್ಮ ಭಾಷೆಯನ್ನೂ ಅವರು ಮರೆಯಲಿಲ್ಲ. ಪಂಚತಂತ್ರದ ಕಥೆಗಳನ್ನು ತಮಿಳು, ತೆಲುಗು, ಕನ್ನಡ ಪ್ರತಿಗಳನ್ನು ಇಟ್ಟುಕೊಂಡು 1826ರಲ್ಲಿ ಫ್ರೆಂಚಿಗೆ ತಂದರು. ಅದೇ ಪುಸ್ತಕದಲ್ಲಿ ಬೆಸ್ಕಿ ಸ್ವಾಮಿಗಳ ಪರಮಾರ್ಥ ಗುರುವಿನ ನಗೆಕಥೆಗಳನ್ನೂ ಸೇರಿಸಿದರು. ನಮ್ಮ ಅಜ್ಜಿಯರು ಹೇಳುವ ಕಥೆಗಳನ್ನು ಫ್ರಾನ್ಸಿನ ಮಕ್ಕಳೂ ಓದುವಂತಾಯಿತು.

1848ರ ಫೆಬ್ರವರಿ 17ರಂದು ಪ್ಯಾರಿಸ್ಸಿನಲ್ಲಿ ಅವರು ತೀರಿಕೊಂಡರು. ಎಂಬತ್ತು ದಾಟಿತ್ತು. ಒಂದು ಕ್ರಾಂತಿಯಿಂದ ತಪ್ಪಿಸಿಕೊಂಡು ಹೊರಟಿದ್ದವರು ಇನ್ನೊಂದನ್ನು ನೋಡದೆ ಹೋದರು. ಐದೇ ದಿನಕ್ಕೆ ಪ್ಯಾರಿಸ್ಸಿನ ಬೀದಿಗಳಲ್ಲಿ ಮತ್ತೆ ಜನ ಎದ್ದರು, ರಾಜ ಓಡಿಹೋದ. ಅವರ ಪುಸ್ತಕದ ಪರಿಷ್ಕೃತ ರೂಪವನ್ನು 1897ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಇಂಗ್ಲಿಷಿನಲ್ಲಿ ಹೊರತಂದಿತು. ಅದು ಈಗಲೂ ಮಾರಾಟವಾಗುತ್ತದೆ.

ಸತ್ತಿಹಳ್ಳಿಯ ಸೀಮೆಗೆ ಅವರ ನಂತರವೂ ಫ್ರೆಂಚ್ ಗುರುಗಳು ಬರುತ್ತಲೇ ಇದ್ದರು. ಹಾಸನದ ಹತ್ತಿರ ಹೇಮಾವತಿ ದಂಡೆಯ ಶೆಟ್ಟಿಹಳ್ಳಿಯಲ್ಲಿ 1860ರ ಸುಮಾರಿಗೆ ಜಪಮಾಲೆ ಮಾತೆಯ ದೊಡ್ಡ ದೇವಾಲಯ ಎದ್ದಿತು. ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗ ಆ ಊರು ಮುಳುಗಡೆಗೆ ಸಿಕ್ಕಿತು, ಜನ ಬೇರೆಡೆ ಹೋಗಿ ನೆಲೆಸಿದರು. ಮಳೆಗಾಲದಲ್ಲಿ ಆ ದೇವಾಲಯದ ಗೋಡೆಗಳು ನೀರಿನೊಳಗೆ, ಬೇಸಿಗೆಯಲ್ಲಿ ಹೊರಗೆ. ಹಿಡಕಲ್ ಜಲಾಶಯಕ್ಕೆ ಊರು ಹೊಲ ಬಿಟ್ಟುಕೊಟ್ಟ ಹುಕ್ಕೇರಿ ಸೀಮೆಯವರಿಗೆ ಆ ನೋಟವನ್ನು ವಿವರಿಸಬೇಕಾಗಿಲ್ಲ.

ಸತ್ತಿಹಳ್ಳಿ ಮುಳುಗಲಿಲ್ಲ. 1963ರಿಂದ ಅದು ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರಿದೆ. ಬೇಲೂರು ಹಳೇಬೀಡು ನೋಡಲು ನಮ್ಮ ಕಡೆಯಿಂದ ಎಷ್ಟೋ ಕುಟುಂಬಗಳು ಹಾಸನದವರೆಗೆ ಹೋಗುತ್ತವೆ. ಮುಂದಿನ ಸಲ ಹೋದಾಗ ಮಕ್ಕಳನ್ನು ಕರೆದುಕೊಂಡು ಅರ್ಧ ದಿನ ಆ ಊರಿಗೂ ಹೋಗಿ ಬನ್ನಿ.